ಥೀಮ್ ಪದಬಂಧ: ಮೊದಲು ಥೀಮ್ ಹಿಡಿಯುವುದೋ, ಮೂಲೆ ತುಂಬುವುದೋ?

ದಿನದ ಪದಬಂಧ ಕೈಗೆ ಬಂದ ಕೂಡಲೇ ಒಂದನೇ ಸುಳಿವಿನಿಂದ ಸಾಲಾಗಿ ಓದುತ್ತಾ ಹೋಗುವುದು ಹೆಚ್ಚಿನವರ ರೂಢಿ. ಸಾಮಾನ್ಯ ಪದಬಂಧಕ್ಕೆ ಇದರಿಂದ ಅಂಥ ನಷ್ಟವೇನಿಲ್ಲ. ಥೀಮ್ ಇರುವ ಪದಬಂಧದಲ್ಲಿ ಮಾತ್ರ ಈ ರೂಢಿ ಅರ್ಧ ಗಂಟೆಯನ್ನು ಸುಮ್ಮನೆ ತಿನ್ನುತ್ತದೆ. ಅಲ್ಲಿ ನಾಲ್ಕೈದು ಉತ್ತರಗಳನ್ನು ಒಂದೇ ಎಳೆ ಪೋಣಿಸಿರುತ್ತದೆ. ಎಳೆ ಸಿಕ್ಕರೆ ಉಳಿದವು ತಾವಾಗಿಯೇ ಬರುತ್ತವೆ, ತಪ್ಪು ಎಳೆ ಹಿಡಿದರೆ ಸರಿಯಾಗಿ ತುಂಬಿದ ಮನೆಗಳನ್ನೂ ಅಳಿಸಿ ಕೂರಬೇಕಾಗುತ್ತದೆ.

ಬಿಡಿಸುವುದಕ್ಕೆ ಮೂರು ದಾರಿಗಳಿವೆ. ಉದ್ದದ ಪದಗಳ ಸುಳಿವುಗಳನ್ನಷ್ಟೇ ಓದಿ ಎಳೆಯನ್ನು ಊಹಿಸುವುದು ಒಂದು. ಇದು ಥೀಮ್ ಮೊದಲು. ಎರಡು ಮೂರು ಮನೆಯ ಸಣ್ಣ ಪದಗಳು ಗುಂಪಾಗಿರುವ ಮೂಲೆಯಿಂದ ಶುರುಮಾಡಿ ಹರಡುತ್ತಾ ಹೋಗುವುದು ಇನ್ನೊಂದು. ಇದು ಮೂಲೆ ಮೊದಲು. ಥೀಮ್ ಏನೆಂದು ಸೂಚಿಸುವ ಪದವೊಂದನ್ನು ರಚಿಸಿದವರು ಗ್ರಿಡ್‌ನೊಳಗೇ ಇಟ್ಟಿದ್ದರೆ ಅದನ್ನೇ ಮೊದಲು ಹುಡುಕುವುದು ಮೂರನೆಯದು. ಇದು ಕೀಲಿಪದ ಮೊದಲು. ಯಾವುದು ಒಳ್ಳೆಯದೆಂದು ಕೇಳಿದರೆ ಎಲ್ಲ ದಿನಕ್ಕೂ ಹೊಂದುವ ಉತ್ತರವಿಲ್ಲ. ಆದರೆ ಇವತ್ತಿನ ಗ್ರಿಡ್‌ಗೆ ಯಾವುದು ಒಳ್ಳೆಯದೆಂದು ಒಂದು ಸುಳಿವನ್ನೂ ಓದುವ ಮೊದಲೇ ಹೇಳಬಹುದು. ಗ್ರಿಡ್ ನೋಡುವುದು ಗೊತ್ತಿರಬೇಕು, ಅಷ್ಟೆ.

ಮೊದಲ ಅರ್ಧ ನಿಮಿಷ ಗ್ರಿಡ್‌ಗೆ

ಅತಿ ಉದ್ದದ ಪದಗಳು ಎಲ್ಲಿವೆ, ಅವುಗಳ ಪ್ರತಿ ಮನೆಯನ್ನೂ ಇನ್ನೊಂದು ಪದ ದಾಟುತ್ತದೆಯೇ, ಇವೆರಡನ್ನು ನೋಡಿಕೊಳ್ಳಿ.

ಅಮೆರಿಕನ್ ಮಾದರಿಯ ದಿನದ ಪದಬಂಧ 15×15, ಒಟ್ಟು 225 ಮನೆ. ಕಪ್ಪು ಮನೆಗಳ ವಿನ್ಯಾಸ ಅರ್ಧ ಸುತ್ತು ತಿರುಗಿಸಿದರೂ ಹಾಗೇ ಕಾಣುತ್ತದೆ. ಬಿಳಿ ಮನೆ ಪ್ರತಿಯೊಂದೂ ಅಡ್ಡ ಪದಕ್ಕೂ ಸೇರಿರುತ್ತದೆ, ಮೇಲಿನಿಂದ ಕೆಳಕ್ಕಿಳಿಯುವ ‘ಉದ್ದ’ ಪದಕ್ಕೂ ಸೇರಿರುತ್ತದೆ. ಮೂರಕ್ಷರಕ್ಕಿಂತ ಚಿಕ್ಕ ಪದ ಅಲ್ಲಿಲ್ಲ. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಥೀಮ್ ಇರುವ ದಿನದ ಪದಬಂಧಕ್ಕೆ ಹೆಚ್ಚೆಂದರೆ 78 ಪದಗಳ ಮಿತಿ ಇದೆ. ಥೀಮ್ ಪದಗಳು ಮೂರರಿಂದ ಐದು ಇರುವುದು ಸಾಮಾನ್ಯ, ಅವು ಒಂದಕ್ಕೊಂದು ಎದುರಾಗಿ ಕೂತಿರುತ್ತವೆ. ಮೇಲಿನಿಂದ ಮೂರನೇ ಸಾಲಿನಲ್ಲಿ ಹನ್ನೊಂದು ಮನೆಯ ಪದವಿದ್ದರೆ ಕೆಳಗಿನಿಂದ ಮೂರನೇ ಸಾಲಿನಲ್ಲೂ ಹನ್ನೊಂದು ಮನೆಯದು ಇದ್ದೇ ಇರುತ್ತದೆ. ಹಾಗಾಗಿ ಥೀಮ್ ಪದಗಳ ಜಾಗವನ್ನು ಒಂದೂ ಸುಳಿವು ಓದದೆ ಗುರುತು ಹಾಕಿಕೊಳ್ಳಬಹುದು. ಇಲ್ಲಿ ಮೂರೂ ದಾರಿ ತೆರೆದಿರುತ್ತವೆ, ಏಕೆಂದರೆ ಉದ್ದದ ಪದ ತಿಳಿಯದಿದ್ದರೂ ಅದನ್ನು ದಾಟುವ ಪದಗಳಿಂದ ಪೂರ್ತಿ ಹುಟ್ಟಿಸಬಹುದು.

ಬ್ರಿಟಿಷ್ ಮಾದರಿ ಕಿಟಕಿಯ ಸರಳುಗಳಂತೆ. ಒಂದು ಪದದ ಅಕ್ಷರಗಳಲ್ಲಿ ಸುಮಾರು ಅರ್ಧವನ್ನಷ್ಟೇ ಬೇರೆ ಪದಗಳು ದಾಟುತ್ತವೆ, ಉಳಿದರ್ಧಕ್ಕೆ ಸುಳಿವೇ ಗತಿ. ಮೇಲಾಗಿ ಅಲ್ಲಿನ ಗೂಢಾರ್ಥದ ಪದಬಂಧಗಳಲ್ಲಿ ಥೀಮ್ ಇದೆಯೆಂದು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಎಲ್ಲ ತುಂಬಿದ ಮೇಲೆ ನೋಡಿದರೆ ಹತ್ತು ಪದಗಳು ಒಂದೇ ಬಳಗದವು. ಗ್ರಿಡ್‌ನ ಅಂಚಿನಲ್ಲಿ ಅಡಗಿಸಿದ ಸಂದೇಶಕ್ಕಂತೂ ನೀನಾ ಎಂಬ ಹೆಸರೇ ಇದೆ. ಚಿತ್ರಕಾರ ಆಲ್ ಹರ್ಷ್‌ಫೆಲ್ಡ್ ತಮ್ಮ ರೇಖಾಚಿತ್ರಗಳಲ್ಲಿ ಮಗಳು ನೀನಾಳ ಹೆಸರನ್ನು ಅಡಗಿಸುತ್ತಿದ್ದರು, ಆ ಹೆಸರೇ ಪದಬಂಧಕ್ಕೂ ಬಂತು. ಇಂಥ ಕಡೆ ಥೀಮ್ ಮೊದಲು ಎನ್ನುವ ದಾರಿಯೇ ಇಲ್ಲ. ಮೂಲೆಯಿಂದಲೇ ಹೋಗಬೇಕು.

ಕನ್ನಡದ ಗ್ರಿಡ್ ಇವೆರಡರ ನಡುವಿನದು. ಕಪ್ಪು ಮನೆಗಳು ಹೆಚ್ಚು, ಎರಡು ಮನೆಯ ಪದಗಳೂ ಬರುತ್ತವೆ, ಯಾರೂ ದಾಟದ ಮನೆಗಳು ಬೇಕಾದಷ್ಟು. ಅದನ್ನು ಸರಿದೂಗಿಸುವ ಒಂದು ದೊಡ್ಡ ಅನುಕೂಲವಿದೆ. ಇಲ್ಲಿ ಮನೆಯೊಂದಕ್ಕೆ ಒಂದು ಅಕ್ಷರ ಎಂದರೆ ಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿದ ಪೂರ್ತಿ ಅಕ್ಷರ. ಇಂಗ್ಲಿಷಿನ ಮನೆಯಲ್ಲಿ 26ರಲ್ಲಿ ಒಂದು ಇರುತ್ತದೆ. ಕನ್ನಡದ ಮನೆಯಲ್ಲಿ 34 ವ್ಯಂಜನಕ್ಕೆ 13 ಸ್ವರ ಸೇರಿದ 442 ಗುಣಿತಾಕ್ಷರಗಳಲ್ಲಿ ಒಂದು ಇರಬಹುದು, ಒತ್ತಕ್ಷರದ ಲೆಕ್ಕ ಬೇರೆ. ಹಾಗಾಗಿ ಒಂದೇ ಒಂದು ಮನೆ ಸಿಕ್ಕರೂ ಬಹಳ ತಿಳಿಯುತ್ತದೆ. ಎರಡನೇ ಮನೆ ‘ಟ್ಟೆ’ ಎಂದು ಗೊತ್ತಾದ ಎರಡಕ್ಷರದ ಪದಕ್ಕೆ ಬಟ್ಟೆ, ತಟ್ಟೆ, ಕಟ್ಟೆ, ಚಿಟ್ಟೆ, ಮೊಟ್ಟೆ, ಹೊಟ್ಟೆಯಂಥ ಬೆರಳೆಣಿಕೆಯ ಅಭ್ಯರ್ಥಿಗಳು. ಸುಳಿವಿನಲ್ಲಿ ರೆಕ್ಕೆ ಎಂಬ ಮಾತಿದ್ದರೆ ಮುಗಿಯಿತು.

ಎಣಿಸುವುದರಲ್ಲಿ ತಪ್ಪುವವರು ಇಲ್ಲೇ ನಿಂತು ಕೈ ಪಳಗಿಸಿಕೊಳ್ಳಬೇಕು. ಸಂಸ್ಕೃತ ಮೂರು ಮನೆ: ಸಂ, ಸ್ಕೃ, ತ. ಸ್ವಾತಂತ್ರ್ಯವೂ ಮೂರೇ: ಸ್ವಾ, ತಂ, ತ್ರ್ಯ. ಧೈರ್ಯ ಎರಡು. ಅಂತಃಕರಣ ಐದು. ಕೊನೆಯಲ್ಲಿ ಅರೆ ವ್ಯಂಜನ ಬಂದರೆ ಅದಕ್ಕೂ ಒಂದು ಮನೆ ಕೊಡುವುದು ರೂಢಿ, ಕ್ರಿಕೆಟ್ ಎಂದರೆ ಕ್ರಿ, ಕೆ, ಟ್. ಸುಳಿವಿನ ಪಕ್ಕದ ಸಂಖ್ಯೆಯನ್ನು ಬಾಯಲ್ಲಿ ಹೇಳಿಕೊಂಡು ಎಣಿಸುವ ಬದಲು ಬೆರಳು ಮಡಚಿ ಎಣಿಸಿ. ಕಿವಿಗೆ ಸ್ವಾತಂತ್ರ್ಯ ಉದ್ದವಾಗಿ ಕೇಳುತ್ತದೆ, ಗ್ರಿಡ್‌ನಲ್ಲಿ ಅದು ಕಿಟಕಿಯಷ್ಟೇ.

ಒಂದೇ ಪದಬಂಧ, ಮೂರು ದಾರಿ

ಹೋಲಿಕೆ ಸ್ಪಷ್ಟವಾಗಲು ಒಂದು ಥೀಮನ್ನು ಹತ್ತಿರದಿಂದ ನೋಡೋಣ. ನಕ್ಷತ್ರ ಗುರುತು ಹಾಕಿದ ಐದು ಅಡ್ಡ ಸುಳಿವುಗಳಿವೆ ಎಂದುಕೊಳ್ಳಿ, ಮೇಲಿನಿಂದ ಕ್ರಮವಾಗಿ:

ನಾಲ್ಕರಲ್ಲಿ ಒಂದು ಪಾಲು (4)
ಅಸೂಯೆ (4)
ಧೈರ್ಯ (5)
ಬುದ್ಧಿವಾದ (4)
ಪೀಳಿಗೆ (4)

ಇವಲ್ಲದೆ ಮೇಲಿನಿಂದ ಕೆಳಕ್ಕೆ ಆರು ಮನೆಯ ಒಂದು ಪದ. ಅದರ ಸುಳಿವು: ಅಡಿಯಿಂದ ಮುಡಿಯವರೆಗೆ, ನಕ್ಷತ್ರದ ಪದಗಳ ಮೊದಲನ್ನು ನೋಡಿ (6).

ಥೀಮ್ ಮೊದಲು ಹೋಗುವವರು ಐದನ್ನೇ ಓದುತ್ತಾರೆ. ಧೈರ್ಯಕ್ಕೆ ಐದು ಮನೆ ಎಂದರೆ ಎದೆಗಾರಿಕೆ ಬೇಗ ಹೊಳೆಯುತ್ತದೆ. ಅಸೂಯೆಗೆ ಹೊಟ್ಟೆಕಿಚ್ಚು. ಎದೆ, ಹೊಟ್ಟೆ ಒಟ್ಟಿಗೆ ಕಂಡಾಗ ದೇಹದ ಭಾಗಗಳಿರಬೇಕು ಎಂಬ ಅನುಮಾನ ಬರಬೇಕು. ಅನುಮಾನವನ್ನು ಥೀಮ್ ಎಂದುಕೊಂಡು ಓಡಬಾರದು. ಮೂರನೆಯ ಉತ್ತರವನ್ನು ಅದರಿಂದ ಊಹಿಸಿ ನೋಡಬೇಕು. ಬುದ್ಧಿವಾದಕ್ಕೆ ನಾಲ್ಕು ಮನೆ ಎಂದಾಗ ಮೊದಲು ನೆನಪಾಗುವುದು ಉಪದೇಶ. ದೇಹದ ಭಾಗದಿಂದ ಶುರುವಾಗುವ ನಾಲ್ಕಕ್ಷರ ಹುಡುಕಿದರೆ ಕಿವಿಮಾತು. ಎರಡೂ ಕೂರುತ್ತವೆ, ಆದರೆ ಊಹೆ ಹೇಳಿದ ಪದವೂ ಅರ್ಥಕ್ಕೆ, ಎಣಿಕೆಗೆ ಎರಡಕ್ಕೂ ಹೊಂದಿತಲ್ಲ, ಥೀಮ್ ಖಚಿತವಾಗುವುದು ಇಲ್ಲಿ. ಎರಡು ಪದ ಸೇರಿದಾಗ ಬರುವುದು ಅನುಮಾನ ಮಾತ್ರ. ಮೂರನೆಯದನ್ನು ಅದು ಮುಂಗಾಣಿಸಿದರೆ ಥೀಮ್. ಈ ಕಟ್ಟುನಿಟ್ಟನ್ನು ಪಾಲಿಸುವವರಿಗೇ ಈ ದಾರಿ ಲಾಭ ಕೊಡುತ್ತದೆ.

ಅದರ ಮಿತಿಯೂ ಇದೇ ಉದಾಹರಣೆಯಲ್ಲಿದೆ. ಹೊಟ್ಟೆಕಿಚ್ಚು ನಾಲ್ಕು ಮನೆ, ಹೊಟ್ಟೆಯುರಿಯೂ ನಾಲ್ಕು ಮನೆ. ಅರ್ಥ ಒಂದೇ, ಥೀಮ್‌ಗೆ ಎರಡೂ ಒಪ್ಪುತ್ತವೆ. ಥೀಮ್ ಕೊಡುವುದು ಹೊ, ಟ್ಟೆ ಎಂಬ ಎರಡು ಮನೆ ಮಾತ್ರ. ಮೂರನೇ ಮನೆಯಿಂದ ಇಳಿಯುವ ಪದದ ಸುಳಿವು ‘ಗೋಡೆಯಲ್ಲಿ ಗಾಳಿ ಬೆಳಕಿನ ದಾರಿ (3)’ ಎಂದಿದ್ದರೆ ಕಿಟಕಿ ಬಂದು ‘ಕಿ’ಯನ್ನು ಕೂರಿಸುತ್ತದೆ, ಹೊಟ್ಟೆಯುರಿ ಬಿದ್ದುಹೋಗುತ್ತದೆ. ಥೀಮ್ ಸಿಕ್ಕಿತೆಂಬ ಹುರುಪಿನಲ್ಲಿ ನಾಲ್ಕೂ ಮನೆಯನ್ನು ಒಂದೇ ಉಸಿರಿಗೆ ತುಂಬುವುದು ಈ ದಾರಿಯ ಅತಿ ಸಾಮಾನ್ಯ ತಪ್ಪು. ಥೀಮ್ ಹೇಳಿದಷ್ಟು ಮನೆ ಮಾತ್ರ ಬರೆದು ಉಳಿದದ್ದನ್ನು ಖಾಲಿ ಬಿಡಿ.

ಮೂಲೆ ಮೊದಲು ಹೋಗುವವರಿಗೆ ಈ ಗೊಂದಲ ಬರುವುದಿಲ್ಲ, ಅವರು ಕಿಟಕಿಯಿಂದಲೇ ಹೊಟ್ಟೆಕಿಚ್ಚಿಗೆ ಬಂದಿರುತ್ತಾರೆ. ಅವರಿಗಿರುವ ಅಪಾಯ ಬೇರೆ. ಪೀಳಿಗೆಗೆ ವಂಶಾವಳಿ ಎಂದು ಬರೆದರೆ ನಾಲ್ಕು ಮನೆ ಸರಿಹೋಗುತ್ತದೆ. ಅಲ್ಲಿ ಯಾರೂ ದಾಟದ ಮನೆಗಳೇ ಹೆಚ್ಚಿದ್ದರೆ ತಪ್ಪೆಂದು ಹೇಳುವವರಿಲ್ಲ. ಥೀಮ್ ಗೊತ್ತಿದ್ದವರು ತಲೆಮಾರು ಎಂದೇ ಬರೆಯುತ್ತಿದ್ದರು.

ಕೀಲಿಪದ ಮೊದಲು ಹೋದರೆ ಏನು ಸಿಗುತ್ತದೆ? ಅಡಿಯಿಂದ ಮುಡಿಯವರೆಗೆ ಎಂದಾಗ ನಖಶಿಖಾಂತ ನೆನಪಾಗಬಹುದು, ಆದರೆ ಅದು ಐದೇ ಮನೆ: ನ, ಖ, ಶಿ, ಖಾಂ, ತ. ಆರಕ್ಕೆ ಕೂರುವುದು ಆಪಾದಮಸ್ತಕ. ಈ ಪದ ಬೇರೆ ಎರಡು ದಾರಿಗಳು ಕೊಡದ ಒಂದು ವಿಷಯ ಕೊಡುತ್ತದೆ: ಕ್ರಮ. ಪಾದದಿಂದ ಮಸ್ತಕಕ್ಕೆ ಎಂದ ಮೇಲೆ ಮೊದಲ ಪದ ಕಾಲಿನದು, ಕೊನೆಯದು ತಲೆಯದು. ‘ನಾಲ್ಕರಲ್ಲಿ ಒಂದು ಪಾಲು’ ಎಂಬುದಕ್ಕೆ ಚತುರ್ಥಾಂಶವೂ ನಾಲ್ಕು ಮನೆಗೆ ಕೂರುತ್ತದೆ. ಕ್ರಮ ಗೊತ್ತಿದ್ದರೆ ಕಾಲುಭಾಗವನ್ನು ಬಿಟ್ಟು ಬೇರೆ ಬರೆಯುವ ಪ್ರಶ್ನೆಯೇ ಇಲ್ಲ. ಕಾಲು ಎಂದರೆ ಅಂಗವೂ ಹೌದು, ನಾಲ್ಕನೇ ಒಂದೂ ಹೌದು, ರಚಿಸಿದವರ ಕೈಚಳಕ ಇಂಥ ಪದದಲ್ಲೇ ಕಾಣುವುದು.

ಹಾಗೆಂದು ಪ್ರತಿ ಸಲ ಕೀಲಿಪದದ ಹಿಂದೆ ಬೀಳಬೇಡಿ. ಬಹಳಷ್ಟು ಕೀಲಿಪದಗಳ ಸುಳಿವು ‘17, 23, 45ನೇ ಪದಗಳಲ್ಲಿ ಅಡಗಿರುವುದು’ ಎಂಬಷ್ಟೇ ಇರುತ್ತದೆ. ಆ ಪದಗಳು ಸಿಗದೆ ಅದಕ್ಕೆ ಅರ್ಥವೇ ಇಲ್ಲ. ಸುಳಿವಿನಲ್ಲಿ ಸ್ವತಂತ್ರ ಅರ್ಥವೊಂದು ಇದ್ದರೆ ಮಾತ್ರ ಅದು ಮೊದಲ ಬಾಗಿಲು. ಅಮೆರಿಕನ್ ಗ್ರಿಡ್‌ನಲ್ಲಿ ಅದನ್ನು ಹುಡುಕಬೇಕಾದದ್ದು ಕೊನೆಯ ಉದ್ದದ ಅಡ್ಡ ಪದದಲ್ಲಿ, ನಟ್ಟನಡುವೆ, ಇಲ್ಲವೇ ಬಲಗಡೆಯ ಕೆಳಮೂಲೆಯಲ್ಲಿ. ನ್ಯೂಯಾರ್ಕ್ ಟೈಮ್ಸ್‌ನ ಭಾನುವಾರದ 21×21 ಪದಬಂಧಕ್ಕೆ ತಲೆಬರಹವೂ ಇರುತ್ತದೆ. ಆ ತಲೆಬರಹವೇ ಅರ್ಧ ಕೀಲಿಪದ, ಅದನ್ನು ಓದದೆ ಕೂರುವುದು ಬೀಗದ ಕೈ ಮೇಜಿನ ಮೇಲಿಟ್ಟು ಬಾಗಿಲು ದೂಡಿದ ಹಾಗೆ.

ಥೀಮ್‌ನ ಜಾತಿ ನೋಡಿ ದಾರಿ ಬದಲಿಸಿ

ಪಟ್ಟಿಯ ಥೀಮ್ ಎಲ್ಲಕ್ಕಿಂತ ಸುಲಭ. ಎಲ್ಲ ಉದ್ದದ ಪದಗಳೂ ನದಿಗಳು, ಅಥವಾ ಹಕ್ಕಿಗಳು, ಅಥವಾ ರಾಗಗಳು. ಥೀಮ್ ಮೊದಲು ಹೋಗಿ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಗಾದೆ ಅಥವಾ ಉಕ್ತಿಯನ್ನು ತುಂಡು ಮಾಡಿ ಹಂಚುವ ಥೀಮ್‌ಗೆ ಎಣಿಕೆಯೇ ಪ್ರಾಣ. ‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು’ ಎಂಬ ಗಾದೆ ಹಂಚಲು ಹೇಳಿಮಾಡಿಸಿದಂತಿದೆ. ಮೊದಲರ್ಧ ಎಂಟು ಮನೆ, ಎರಡನೇ ಅರ್ಧವೂ ಎಂಟು ಮನೆ. ಆದರೆ ಬಿಡಿಸುವವರ ಬಾಯಲ್ಲಿ ಅದು ಸಂಧಿಯಾಗಿ ಬರಬಹುದು. ಮಾತಾಡಿದರೆ ಹೋಯ್ತು ಏಳು ಮನೆ, ಮುತ್ತೊಡೆದರೆ ಹೋಯ್ತು ಕೂಡ ಏಳು. ಹೋಯ್ತು ಬದಲು ಹೋಯಿತು ಎಂದರೆ ಒಂದು ಮನೆ ಹೆಚ್ಚು, ಬಿಡಿಸಿ ಬರೆದಾಗ ಒಂಬತ್ತಕ್ಕೆ ಹೋಗುತ್ತದೆ. ಗ್ರಿಡ್‌ನಲ್ಲಿ ಏಳಿದೆಯೋ ಒಂಬತ್ತಿದೆಯೋ ನೋಡಿದರೆ ರೂಪ ತೀರ್ಮಾನವಾಯಿತು. ಎಂಟು ಇದ್ದಾಗ ಮಾತ್ರ ಮೋಸ: ‘ಮಾತು ಆಡಿದರೆ ಹೋಯ್ತು’ ಎಂಟು, ‘ಮಾತಾಡಿದರೆ ಹೋಯಿತು’ ಕೂಡ ಎಂಟು. ಇದನ್ನು ಬಿಡಿಸಲು ಎರಡನೇ ಮನೆಯನ್ನು ದಾಟುವ ಪದ ಬೇಕು, ಅಲ್ಲಿ ‘ತು’ ಬಂದರೆ ಒಂದು ರೂಪ, ‘ತಾ’ ಬಂದರೆ ಇನ್ನೊಂದು. ಒಮ್ಮೆ ರೂಪ ಗೊತ್ತಾದರೆ ಎರಡನೇ ಸಾಲಿನ ಬಾಲವನ್ನು ಸುಳಿವೇ ಇಲ್ಲದೆ ತುಂಬಬಹುದು. ‘ದರೆ ಹೋಯ್ತು’ ಎರಡೂ ಕಡೆ ಅದೇ ಅಲ್ಲವೇ, ನಾಲ್ಕು ಮನೆ ಪುಕ್ಕಟೆ. ಇಂಥ ಥೀಮ್‌ಗೆ ಮೂಲೆಯಿಂದ ಶುರುಮಾಡಿ, ಗಾದೆಯ ಎರಡು ಮೂರು ಮನೆ ಸಿಕ್ಕ ಕೂಡಲೇ ಥೀಮ್‌ಗೆ ಹಾರುವುದು ಸರಿ.

ಅಕ್ಷರ ಬದಲಿಸುವ ಥೀಮ್ ಬಂದರೆ ಉದ್ದದ ಸುಳಿವುಗಳನ್ನು ಮೊದಲು ಓದಿ ಪ್ರಯೋಜನವಿಲ್ಲ. ಅವು ಅರ್ಥವಾಗದ ಹಾಗೆಯೇ ಬರೆದಿರುತ್ತಾರೆ, ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ‘ಹೊರೆ ಹೊರುವ ಪ್ರಾಣಿಯ ಮರಿ? (4)’ ಎಂಬುದಕ್ಕೆ ಉತ್ತರ ಸಣ್ಣ ಕತ್ತೆ. ‘ಕೆಂಪಿಗೆ ಹಸಿರು ಏನಾಗಬೇಕು? (5)’ ಎಂಬುದಕ್ಕೆ ವಿರೋಧಿ ಬಣ್ಣ. ಇವು ನಿಘಂಟಿನಲ್ಲಿ ಸಿಗುವ ಪದಗಳಲ್ಲ. ಸಣ್ಣ ಕತೆಗೆ, ವಿರೋಧಿ ಬಣಕ್ಕೆ ಒಂದೊಂದು ಒತ್ತು ಕೊಟ್ಟು ಹುಟ್ಟಿಸಿದವು. ಇಂಗ್ಲಿಷಿನಲ್ಲಿ ಒಂದಕ್ಷರ ಸೇರಿಸಿದರೆ ಪದ ಒಂದು ಮನೆ ಬೆಳೆಯುತ್ತದೆ, ಎಣಿಕೆಯಿಂದಲೇ ಗುಟ್ಟು ರಟ್ಟಾಗಬಹುದು. ಕನ್ನಡದಲ್ಲಿ ಒತ್ತು ಅದೇ ಮನೆಯೊಳಗೆ ಕೂರುವುದರಿಂದ ಎಣಿಕೆ ಏನನ್ನೂ ಬಾಯಿಬಿಡುವುದಿಲ್ಲ. ಹಾಗಾಗಿ ಮೂಲೆ ಮೊದಲು. ದಾಟುವ ಪದಗಳಿಂದ ಉದ್ದದ ಪದ ಮುಕ್ಕಾಲು ಸಿಕ್ಕಮೇಲೆ, ಇದು ಯಾವ ಪರಿಚಿತ ಮಾತಿನ ವಿಕಾರರೂಪ ಎಂದು ಕೇಳಿಕೊಳ್ಳಿ. ಪರಿಚಿತ ಮಾತು ಹೊಳೆದರೆ ಬದಲಾವಣೆಯ ನಿಯಮ ಸಿಕ್ಕಿತು, ಉಳಿದ ಥೀಮ್ ಪದಗಳಿಗೆ ಅದೇ ನಿಯಮ.

ಒಂದು ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಅಕ್ಷರ ಕೂರಿಸುವ ಥೀಮ್‌ಗೆ ರೀಬಸ್ ಎಂದು ಹೆಸರು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇದು ಕಾಣಿಸಿಕೊಳ್ಳುವುದು ಹೆಚ್ಚಾಗಿ ಗುರುವಾರ. ಅದೇ ತಂತ್ರ ಕನ್ನಡದಲ್ಲಿ ಬಂದರೆ ಹೇಗಿರುತ್ತದೆ ನೋಡಿ. ಅಡ್ಡ ಸುಳಿವು: ದುಂಬಿ (2). ಉದ್ದ ಸುಳಿವು: ಯುದ್ಧ (2). ಎರಡೂ ಪದಗಳ ಕೊನೆಯ ಮನೆ ಒಂದೇ. ದುಂಬಿಗೆ ಎರಡಕ್ಷರದಲ್ಲಿ ಅಳಿ ಇದೆ, ಅರ್ಥ ಸರಿ. ಯುದ್ಧಕ್ಕೆ ರಣ ಇದೆ, ಅದೂ ಸರಿ. ಆದರೆ ಕೂಡುವ ಮನೆಯಲ್ಲಿ ಒಂದು ‘ಳಿ’ ಕೇಳುತ್ತದೆ, ಇನ್ನೊಂದು ‘ಣ’ ಕೇಳುತ್ತದೆ. ಸಾಮಾನ್ಯವಾಗಿ ಏನು ಮಾಡುತ್ತೇವೆ? ಎರಡರಲ್ಲಿ ಒಂದು ತಪ್ಪೆಂದು ಅಳಿಸಿ ಬೇರೆ ಪರ್ಯಾಯಗಳನ್ನು ಹುಡುಕುತ್ತಾ ಹೋಗುತ್ತೇವೆ. ಇಲ್ಲಿ ಎರಡೂ ತಪ್ಪು. ಭ್ರಮರ, ಸಮರ ಎಂದು ಬರೆದು ‘ಮರ’ವನ್ನು ಒಂದೇ ಮನೆಗೆ ತುಂಬಿದರೆ ಎರಡೂ ಕೂರುತ್ತವೆ. ಗ್ರಿಡ್‌ನ ಇನ್ನೊಂದು ಕಡೆ ಚಾಮರವೋ ಪಾಮರವೋ ಅಮರಕೋಶವೋ ಇರುತ್ತದೆ, ಅಲ್ಲೂ ಒಂದು ಮರ.

ರೀಬಸ್ ಇದೆಯೆಂದು ತಿಳಿಯುವುದು ಒಂದೇ ಲಕ್ಷಣದಿಂದ: ಒಂದು ಮೂಲೆಯಲ್ಲಿ ಎಲ್ಲ ಸಲೀಸಾಗಿ ತುಂಬುತ್ತಿದ್ದು, ಒಂದೇ ಮನೆಯ ಸುತ್ತ ಮಾತ್ರ ಅಡ್ಡ, ಉದ್ದ ಎರಡೂ ಹಟ ಹಿಡಿಯುತ್ತವೆ. ಗೊತ್ತಿರುವ ಉತ್ತರ ಒಂದು ಮನೆ ಹೆಚ್ಚಾಗಿದೆ ಎನಿಸಿದರೆ ಅದನ್ನು ತಳ್ಳಿಹಾಕದೆ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಇದಕ್ಕೂ ಮೂಲೆ ಮೊದಲು ಎನ್ನುವ ದಾರಿಯೇ ಸೂಕ್ತ.

ಮೂಲೆಯಿಂದ ಹೋಗುವಾಗ ಯಾವ ಸುಳಿವು ಮೊದಲು

ಖಾಲಿ ಜಾಗ ಬಿಟ್ಟ ಸುಳಿವುಗಳು ಮೊದಲು. ನಂತರ ಜೋಡುನುಡಿಗಳು: ಹೊಲ ಎಂದರೆ ಮನೆ, ಮಕ್ಕಳು ಎಂದರೆ ಮರಿ. ಆಮೇಲೆ ವಿರುದ್ಧಪದಗಳು. ಒಂದೇ ಪದದ ಸಮಾನಾರ್ಥಕ ಸುಳಿವುಗಳನ್ನು ಕೊನೆಗೆ ಇಡಿ, ಅವು ಚಿಕ್ಕದಾಗಿ ಕಂಡು ಹೆಚ್ಚು ಕೆಡಿಸುತ್ತವೆ. ‘ಭೂಮಿ (2)’ ಎಂದರೆ ಇಳೆ, ಧರೆ, ಬುವಿ, ಪೃಥ್ವಿ, ಕ್ಷಿತಿ, ಐದೂ ಸರಿ. ಒಂದು ಮನೆಯಾದರೂ ಬೇರೆ ಕಡೆಯಿಂದ ಬರುವವರೆಗೆ ಇದನ್ನು ಮುಟ್ಟಬಾರದು. ಬಂದಮೇಲೆ ಯೋಚಿಸುವ ಅಗತ್ಯವೇ ಇಲ್ಲ. ಐದರ ಮೊದಲಕ್ಷರವೂ ಬೇರೆ, ಕೊನೆಯಕ್ಷರವೂ ಬೇರೆ.

ಸುಳಿವಿನ ರೂಪವನ್ನೂ ಗಮನಿಸಿ. ಸುಳಿವು ಬಹುವಚನದಲ್ಲಿದ್ದರೆ ಉತ್ತರವೂ ‘ಗಳು’ ಎಂದೋ ‘ರು’ ಎಂದೋ ಮುಗಿಯುವ ಸಂಭವ ಹೆಚ್ಚು. ಸುಳಿವು ಕ್ರಿಯಾಪದವಾದರೆ ಉತ್ತರವೂ ಅದೇ ಕಾಲದ ಕ್ರಿಯಾಪದ. ಓಟ ಕೇಳಿದಾಗ ಓಡು ಬರೆದರೆ ಕೊನೆಯ ಮನೆ ಕೆಟ್ಟು, ಅದನ್ನು ದಾಟುವ ಪದವೂ ಕೆಡುತ್ತದೆ.

ಯಾವ ಪದಬಂಧ, ಯಾವ ದಿನ

ಇಂಗ್ಲಿಷ್ ಥೀಮ್ ಪದಬಂಧವನ್ನು ಹೊಸದಾಗಿ ಹಿಡಿಯುವವರಿಗೆ ನ್ಯೂಯಾರ್ಕ್ ಟೈಮ್ಸ್‌ನ ವಾರದ ಏರಿಕೆ ಒಳ್ಳೆಯ ಮೆಟ್ಟಿಲು. ಅಲ್ಲಿ ದಿನದ ಪದಬಂಧ 1950ರಿಂದ ಬರುತ್ತಿದೆ. ಸೋಮವಾರದ್ದು ಅತಿ ಸುಲಭ, ಶನಿವಾರದ್ದು ಅತಿ ಕಠಿಣ. ಸೋಮವಾರ, ಮಂಗಳವಾರ ಥೀಮ್ ಬೇಗ ಕಣ್ಣಿಗೆ ಬೀಳುವುದರಿಂದ ಥೀಮ್ ಮೊದಲು ಎನ್ನುವ ದಾರಿಯನ್ನು ಅಲ್ಲೇ ಅಭ್ಯಾಸ ಮಾಡಬೇಕು. ಗುರುವಾರ ಏನಾದರೊಂದು ತಂತ್ರ ಇರುವುದರಿಂದ ಮೂಲೆಯಿಂದ ಶುರುಮಾಡಿ. ಶುಕ್ರವಾರ, ಶನಿವಾರ ಸಾಮಾನ್ಯವಾಗಿ ಥೀಮೇ ಇರುವುದಿಲ್ಲ, ಇಲ್ಲದ್ದನ್ನು ಹುಡುಕಿ ದಣಿಯಬೇಡಿ. ಭಾನುವಾರದ್ದು ಕಷ್ಟದಲ್ಲಿ ಬುಧವಾರ, ಗುರುವಾರದ ಮಟ್ಟದ್ದೇ, ಗಾತ್ರ ದೊಡ್ಡದು ಅಷ್ಟೆ.

ಕನ್ನಡದಲ್ಲಿ ಹೀಗೆ ವಾರದ ಏಣಿ ಇಲ್ಲ. ಇಲ್ಲಿ ಆಯ್ಕೆ ಮಾಡಬೇಕಾದದ್ದು ರಚಿಸಿದವರನ್ನು. ಅ.ನಾ. ಪ್ರಹ್ಲಾದರಾವ್ ಅವರು ಸಾವಿರಾರು ಕನ್ನಡ ಪದಬಂಧಗಳನ್ನು ರಚಿಸಿದ್ದಾರೆ. ಇಂಥ ಒಬ್ಬರದೇ ಪದಬಂಧಗಳನ್ನು ಒಂದು ತಿಂಗಳು ಬಿಡದೆ ಬಿಡಿಸಿದರೆ, ಸಂಧಿಯಾದ ರೂಪ ಬಳಸುತ್ತಾರೋ ಬಿಡಿ ರೂಪವೋ, ಹಳಗನ್ನಡದ ಪದಕ್ಕೆ ಎಷ್ಟು ಒಲವು, ಎರಡಕ್ಷರದ ಪದಕ್ಕೆ ಯಾವ ಸುಳಿವು, ಎಲ್ಲ ಕೈಗೆ ಹತ್ತುತ್ತದೆ. ದಿನಕ್ಕೊಂದು ಕಡೆಯ ಪದಬಂಧ ಹಿಡಿದರೆ ಈ ಜಾಡು ಸಿಗುವುದಿಲ್ಲ.

ಕಾಗದವೋ ಫೋನೋ

ಥೀಮ್ ಪದಬಂಧಕ್ಕೆ ಕಾಗದವೇ ಮೇಲು. ಉದ್ದದ ಸುಳಿವು ಐದನ್ನೂ ಒಟ್ಟಿಗೆ ಕಣ್ಣಿಗಿಡುವುದು ಥೀಮ್ ಹಿಡಿಯುವ ಕೆಲಸದ ಅರ್ಧ. ಫೋನಿನ ಪರದೆಯಲ್ಲಿ ಒಂದು ಸಲಕ್ಕೆ ಒಂದೇ ಸುಳಿವು ಕಾಣುತ್ತದೆ, ಎರಡನೆಯದಕ್ಕೆ ಹೋದಾಗ ಮೊದಲನೆಯದು ಮರೆ. ಟ್ಯಾಬ್ಲೆಟ್ ಪರವಾಗಿಲ್ಲ. ಫೋನೇ ಗತಿಯಾದರೆ ನಕ್ಷತ್ರದ ಸುಳಿವುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಪತ್ರಿಕೆಯ ಕಾಗದ ಮೆತ್ತಗಿರುತ್ತದೆ, ಗಟ್ಟಿ ಸೀಸದ ಪೆನ್ಸಿಲ್ ಅದನ್ನು ಗೀರಿ ಹರಿಯುತ್ತದೆ, ಎರಡು ಸಲ ಅಳಿಸಿದರೆ ತೂತು. 2ಬಿ ಪೆನ್ಸಿಲ್ ಹಗುರವಾಗಿ ಓಡುತ್ತದೆ. ಮೂಲ ಅಕ್ಷರವನ್ನು ಮನೆಯ ಮೇಲಿನ ಅರ್ಧದಲ್ಲಿ ಚಿಕ್ಕದಾಗಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಇಲ್ಲವಾದರೆ ಒತ್ತು ಬಂದಾಗ ಅದು ಕೆಳಗಿನ ಮನೆಗೆ ಇಳಿಯುತ್ತದೆ, ಅರ್ಧ ಗಂಟೆ ಬಿಟ್ಟು ನೋಡಿದರೆ ಯಾವ ಮನೆಯದೆಂದು ಗೊತ್ತಾಗುವುದಿಲ್ಲ. ಖಚಿತವಲ್ಲದ ಮನೆಯ ಮೂಲೆಗೆ ಒಂದು ಚುಕ್ಕೆ ಇಡಿ. ಏನೋ ಕೆಟ್ಟಿತೆಂದಾಗ ಚುಕ್ಕೆ ಇರುವ ಮನೆಗಳನ್ನಷ್ಟೇ ಮುಟ್ಟಿದರೆ ಸಾಕು.

ಕನ್ನಡ ಪದಬಂಧದ ಆ್ಯಪ್ ಆರಿಸುವಾಗ ಒಂದು ಪರೀಕ್ಷೆ ಸಾಕು. ಒಂದು ಮನೆಯಲ್ಲಿ ‘ಟ್ಟೆ’ ಟೈಪ್ ಮಾಡಿ. ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯುನಿಕೋಡ್ ಲೆಕ್ಕದಲ್ಲಿ ಅದು ಟ, ವಿರಾಮ (ಅರೆ ವ್ಯಂಜನದ ಚಿಹ್ನೆ), ಟ, ಎತ್ವ ಎಂಬ ನಾಲ್ಕು ಸಂಕೇತಗಳು. ಅವನ್ನು ಒಂದಕ್ಷರವೆಂದು ತಿಳಿಯದ ಆ್ಯಪ್ ‘ಟ್’ ಅನ್ನು ಒಂದು ಮನೆಗೂ ‘ಟೆ’ಯನ್ನು ಪಕ್ಕದ ಮನೆಗೂ ಹಾಕುತ್ತದೆ. ಅಂಥದ್ದನ್ನು ಅಲ್ಲೇ ಬಿಡಿ. ಇಂಗ್ಲಿಷ್ ಆ್ಯಪ್‌ನಲ್ಲಿ ರೀಬಸ್ ಬರೆಯುವ ಗುಂಡಿ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ, ನ್ಯೂಯಾರ್ಕ್ ಟೈಮ್ಸ್ ಆ್ಯಪ್‌ನಲ್ಲಿ ಅದು ಕೀಬೋರ್ಡಿನಲ್ಲೇ ಸಿಗುತ್ತದೆ. ತಪ್ಪಕ್ಷರ ಹಾಕಿದ ಕೂಡಲೇ ಗುರುತು ಹಾಕುವ ವ್ಯವಸ್ಥೆಯನ್ನು ಆರಿಸಿಡುವುದು ಒಳ್ಳೆಯದು. ಅದು ಚಾಲೂ ಇದ್ದರೆ ಥೀಮನ್ನು ಊಹಿಸಿ ಪರೀಕ್ಷಿಸುವ ಬದಲು ಬೆರಳು ಅಕ್ಷರ ಬದಲಿಸುತ್ತಾ ಹೋಗುತ್ತದೆ.

ಸಿಕ್ಕಿಕೊಂಡಾಗ ಯಾವ ಸಹಾಯ

ಹತ್ತು ನಿಮಿಷ ಕೆಳಗಿಟ್ಟು ಮತ್ತೆ ನೋಡುವುದು ಮೊದಲ ಸಹಾಯ, ಅದನ್ನು ಹಗುರವಾಗಿ ಕಾಣಬೇಡಿ. ತಪ್ಪು ಥೀಮ್ ತಲೆಯಲ್ಲಿ ಕೂತಿದ್ದರೆ ಅದು ಇಳಿಯಲು ಬೇರೆ ಉಪಾಯವಿಲ್ಲ. ಮುಂದಿನದು ನಿಘಂಟು. ಸಮಾನಾರ್ಥಕಗಳಿಗೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಇದೆ; ಅರ್ಥ ಗೊತ್ತಿದ್ದು ಕಾಗುಣಿತ ಅನುಮಾನವಾದರೆ ಅಲರ್ ಆನ್‌ಲೈನ್ ನಿಘಂಟು ಬೇಗ. ಆದರೆ ಪ್ರಶ್ನಾರ್ಥಕ ಚಿಹ್ನೆಯ ಸುಳಿವಿಗೆ ನಿಘಂಟು ತೆರೆಯುವುದು ವ್ಯರ್ಥ, ಸಣ್ಣ ಕತ್ತೆ ಯಾವ ಸಂಪುಟದಲ್ಲೂ ಇಲ್ಲ.

ಒಂದು ಅಕ್ಷರವನ್ನು ತೆರೆದು ನೋಡಲೇಬೇಕಾದರೆ ಯಾವ ಮನೆ? ಹಲವರು ಮೊದಲ ಮನೆ ತೆರೆಯುತ್ತಾರೆ. ಅದಕ್ಕಿಂತ ಯಾರೂ ದಾಟದ ಮನೆಯನ್ನು ತೆರೆಯುವುದು ಲೇಸು. ದಾಟುವ ಪದವಿರುವ ಮನೆ ಇಂದಲ್ಲ ನಾಳೆ ಅದರಿಂದಲೇ ಬರುತ್ತದೆ, ಇದು ಬರುವುದಿಲ್ಲ. ಕೀಲಿಪದದ ಅಕ್ಷರ ಮಾತ್ರ ಕೊನೆಯವರೆಗೂ ತೆರೆಯಬೇಡಿ. ಅದು ಬಿಟ್ಟುಹೋದರೆ ಅಂದಿನ ಪದಬಂಧದಲ್ಲಿ ಹಿಡಿಯಲು ಉಳಿಯುವುದೇನೂ ಇಲ್ಲ.

ಎಲ್ಲ ತುಂಬಿದ ಮೇಲೆ ಎರಡು ಸುತ್ತಿನ ಪರಿಶೀಲನೆ ಬೇಕು. ಮೊದಲನೆಯದು ದಾಟದ ಮನೆಗಳದ್ದು: ಲ ಮತ್ತು ಳ, ನ ಮತ್ತು ಣ, ಶ ಮತ್ತು ಷ, ಅಲ್ಪಪ್ರಾಣ ಮತ್ತು ಮಹಾಪ್ರಾಣ. ಮಧ್ಯಕ್ಕೂ ಮದ್ಯಕ್ಕೂ ಮನೆ ಎರಡೇ, ಅರ್ಥ ಬೇರೆ. ಭಾಷೆಯೋ ಭಾಷಾ ಎಂದೋ ಇರುವ ಕಡೆ ಸುಳಿವಿನಲ್ಲಿ ಸಮಾಸದ ಸೂಚನೆ ಇದೆಯೇ ನೋಡಿ. ಎರಡನೆಯ ಸುತ್ತು ಥೀಮ್ ಪದಗಳದ್ದು. ಐದನ್ನೂ ಒಂದರ ಕೆಳಗೊಂದು ಬರೆದು ಎಳೆಯನ್ನು ಬೆರಳಿಟ್ಟು ತೋರಿಸಿ: ಕಾಲುಭಾಗ, ಹೊಟ್ಟೆಕಿಚ್ಚು, ಎದೆಗಾರಿಕೆ, ಉಪದೇಶ, ತಲೆಮಾರು. ಒಂದು ಪದ ಹೊರಗೆ ನಿಂತಿದೆ. ದಾಟುವ ಪದಗಳೆಲ್ಲ ಒಪ್ಪಿದಂತೆ ಕಂಡರೂ ಆ ಸಾಲಿನ ಮನೆಗಳನ್ನು ಮತ್ತೆ ನೋಡಿ. ಕಿ, ವಿ, ಮಾ, ತು ಎಂದು ಇಟ್ಟಾಗ ಅದನ್ನು ದಾಟುವ ಪದಗಳಿಗೂ ಸುಳಿವಿಗೆ ಹೊಂದುವ ಇನ್ನೊಂದು ಉತ್ತರ ಸಿಗುತ್ತದೆಯೇ ಎಂದು ಒಂದೊಂದಾಗಿ ಪರೀಕ್ಷಿಸಿ.